ಕೊನೆಯ ಪ್ರತಿ: ಮುಂಬಯಿಯಿಂದ ಹೊರಟ ಟೇಪುಗಳ ಚರಿತ್ರೆ

ಮುಂಬಯಿಯ ಮಧ್ಯ ರೈಲ್ವೆಯ ನಿಧಾನದ ಲೋಕಲ್ ಗಾಡಿಯಲ್ಲಿ ಠಾಣೆಯ ಕಡೆಗೆ ಹೊರಟವರಿಗೆ ಕಾಂಜೂರ್‌ಮಾರ್ಗ್ ಆದ ಮೇಲೆ ಸಿಗುವ ನಿಲ್ದಾಣ ಭಾಂಡುಪ್. ಭಾರತದ ರೈಲ್ವೆ ಚರಿತ್ರೆಯ ಮೊದಲ ಪುಟದಲ್ಲಿ ಈ ಊರಿನ ಹೆಸರಿದೆ. 1843ರಲ್ಲಿ ಮುಂಬಯಿ ಸರ್ಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್ ಭಾಂಡುಪಿಗೆ ಬಂದಿದ್ದಾಗ, ಮುಂಬಯಿಯನ್ನು ಠಾಣೆ, ಕಲ್ಯಾಣಗಳಿಗೂ ಅದರಾಚೆಯ ಥಳ್ ಮತ್ತು ಭೋರ್ ಘಾಟಿಗಳಿಗೂ ರೈಲಿನಿಂದ ಜೋಡಿಸುವ ಯೋಚನೆ ಅವನಿಗೆ ಹೊಳೆಯಿತು ಎಂದು ರೈಲ್ವೆ ಇಲಾಖೆಯೇ ಬರೆದುಕೊಂಡಿದೆ. ಹತ್ತು ವರ್ಷಗಳ ನಂತರ, 1853ರ ಏಪ್ರಿಲ್ 16ರಂದು, ಬೋರಿ ಬಂದರಿನಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ಗಾಡಿ ಭಾಂಡುಪಿನ ಮೇಲೆಯೇ ಹಾದುಹೋಯಿತು.

ಆ ಗಾಡಿ ಓಡುವ ಮೊದಲು ತೀರ್ಮಾನವಾಗಬೇಕಾಗಿದ್ದ ಒಂದು ಸಂಗತಿಯಿತ್ತು. ಎರಡು ಹಳಿಗಳ ನಡುವೆ ಎಷ್ಟು ಅಂತರವಿರಬೇಕು? ಇಂಗ್ಲೆಂಡಿನಲ್ಲಿ 4 ಅಡಿ 8½ ಇಂಚು ರೂಢಿಗೆ ಬಂದಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿಗೆ 6 ಅಡಿ ಬೇಕಿತ್ತು. ಕೊನೆಗೆ 5 ಅಡಿ 6 ಇಂಚು ನಿಂತಿತು. 1870ರ ಹೊತ್ತಿಗೆ ಖರ್ಚು ಕಡಿಮೆ ಮಾಡಲೆಂದು ಮೀಟರ್ ಗೇಜ್ ಬಂತು. ಈ ಎರಡು ಅಳತೆಗಳ ಪರಿಣಾಮ ಉತ್ತರ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತು. ಮುಂಬಯಿಯಿಂದ ಹುಬ್ಬಳ್ಳಿಗೆ ಹೊರಟವರು ಮೀರಜಿನಲ್ಲಿ ಟ್ರಂಕು, ಹಾಸಿಗೆ ಸುತ್ತು, ಮಕ್ಕಳನ್ನೆಲ್ಲ ಇಳಿಸಿಕೊಂಡು ಇನ್ನೊಂದು ಗಾಡಿ ಹಿಡಿಯಬೇಕಿತ್ತು. ಗಾಡಿ ಕೆಟ್ಟಿರಲಿಲ್ಲ, ಹಳಿಯೂ ಮುರಿದಿರಲಿಲ್ಲ. ಒಂದರ ಅಳತೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ, ಅಷ್ಟೇ.

ಚಿತ್ರ ಮತ್ತು ಧ್ವನಿಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುವ ಉದ್ಯಮ ಇದೇ ಮುಂಬಯಿಯಲ್ಲಿ ಬೆಳೆದಾಗ ಅದೇ ತೊಡಕು ಬೇರೆ ವೇಷದಲ್ಲಿ ಎದುರಾಯಿತು. ಸಿನಿಮಾ ಅಥವಾ ಧಾರಾವಾಹಿಯ ಎಡಿಟಿಂಗ್ ಮುಗಿದು, ಬಣ್ಣ ತಿದ್ದಿ, ಧ್ವನಿ ಮಿಶ್ರಣ ಮಾಡಿದ ಮೇಲೆ ತಯಾರಾಗುವ ಕೊನೆಯ ಪ್ರತಿಗೆ ಮಾಸ್ಟರ್ ಎನ್ನುತ್ತಾರೆ. ವಾಹಿನಿಗೆ, ವಿತರಕರಿಗೆ, ಇಂದು ಒಟಿಟಿ ಕಂಪನಿಗಳಿಗೆ ಹೋಗುವುದು ಈ ಪ್ರತಿ. ಅದು ಹೇಗಿರಬೇಕು ಎಂಬುದನ್ನು ತಯಾರಿಸಿದವರು ತೀರ್ಮಾನಿಸುವುದಿಲ್ಲ, ಪಡೆಯುವವರು ತೀರ್ಮಾನಿಸುತ್ತಾರೆ. ಎಷ್ಟು ಗೆರೆ, ಸೆಕೆಂಡಿಗೆ ಎಷ್ಟು ಚೌಕಟ್ಟು, ಧ್ವನಿಯ ಎಷ್ಟು ಟ್ರ್ಯಾಕು, ಅಕ್ಷರಗಳು ಎಲ್ಲಿ ಇರಬೇಕು ಎಂಬುದೆಲ್ಲ ಪುಟಗಟ್ಟಲೆ ಉದ್ದದ ಒಂದು ಪಟ್ಟಿಯಲ್ಲಿರುತ್ತದೆ. ಡೆಲಿವರಿ ಸ್ಪೆಕ್ ಎಂದು ಕರೆಸಿಕೊಳ್ಳುವ ಆ ಪಟ್ಟಿಯನ್ನು ಪ್ರೇಕ್ಷಕರು ನೋಡುವುದೇ ಇಲ್ಲ. ಆದರೆ ಒಂದು ಕೃತಿಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಬಹಳ ಮಟ್ಟಿಗೆ ಆ ಪಟ್ಟಿಯೇ ನಿರ್ಧರಿಸಿದೆ. ಪಟ್ಟಿ ಕೇಳಿದ್ದನ್ನು ಮಾಡಿಕೊಟ್ಟರು, ಕೇಳದಿದ್ದನ್ನು ಕಾಪಾಡುವ ಗರಜು ಯಾರಿಗೂ ಬೀಳಲಿಲ್ಲ. ಕನ್ನಡದ ಮಟ್ಟಿಗೆ ಇದರ ಬೆಲೆ ಸಣ್ಣದಲ್ಲ.

*

ಮೊದಮೊದಲು ಟೆಲಿವಿಷನ್ನಿಗೆ ಮಾಸ್ಟರ್ ಎಂಬುದೇ ಇರಲಿಲ್ಲ. ಕ್ಯಾಮೆರಾದ ಮುಂದೆ ನಡೆದದ್ದು ಆ ಕ್ಷಣದಲ್ಲೇ ಪ್ರಸಾರವಾಗಿ ಗಾಳಿಯಲ್ಲಿ ಹೋಗುತ್ತಿತ್ತು. ಉಳಿಸಬೇಕೆಂದರೆ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರೀಕರಿಸಬೇಕಿತ್ತು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ 2 ಇಂಚು ಅಗಲದ ಟೇಪಿನ ಯಂತ್ರವನ್ನು ತಂದಿತು. ಅದೇ ವರ್ಷ ನವೆಂಬರ್ 30ರಂದು ಸಿಬಿಎಸ್ ತನ್ನ ಸುದ್ದಿಯನ್ನು ಟೇಪಿನಿಂದ ಮರುಪ್ರಸಾರ ಮಾಡಿತು. ಟೇಪು ಬಹಳ ದುಬಾರಿಯಾಗಿದ್ದರಿಂದ ಪ್ರಸಾರವಾದ ಮೇಲೆ ಅಳಿಸಿ ಅದರ ಮೇಲೆಯೇ ಬೇರೆ ಕಾರ್ಯಕ್ರಮ ತುಂಬುವುದು ಲೋಕದಾದ್ಯಂತ ಪದ್ಧತಿಯಾಯಿತು. ಬಿಬಿಸಿಯಂಥ ಸಂಸ್ಥೆಯಲ್ಲೂ ಹೀಗೆಯೇ ನಡೆದು, ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ 1960ರ ದಶಕದ 90ಕ್ಕೂ ಹೆಚ್ಚು ಕಂತುಗಳು ಇಲ್ಲವಾದವು. ಅಂದಿನ ಲೆಕ್ಕದಲ್ಲಿ ಟೇಪಿಗೆ ಬೆಲೆಯಿತ್ತು, ಅದರೊಳಗಿನ ಕಾರ್ಯಕ್ರಮದ ಕೆಲಸ ಮುಗಿದಿತ್ತು.

ಮುಂಬಯಿಯಲ್ಲಿ ದೂರದರ್ಶನದ ಕೇಂದ್ರ 1972ರ ಅಕ್ಟೋಬರ್ 2ರಂದು ಆರಂಭವಾಯಿತು. ವರ್ಲಿಯ ಗೋಪುರದಿಂದ ಹೊರಟ ಕಪ್ಪು ಬಿಳುಪಿನ ಚಿತ್ರವನ್ನು ಹಿಡಿಯಲು ಉಪನಗರಗಳ ಚಾಳುಗಳ ಮೇಲೆ ಆಂಟೆನಾಗಳು ಎದ್ದವು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, ಬಣ್ಣ ಬಂತು. ಭಾರತ ಆರಿಸಿಕೊಂಡದ್ದು ಯುರೋಪಿನ ಪಾಲ್ ಪದ್ಧತಿ: 625 ಗೆರೆ, ಸೆಕೆಂಡಿಗೆ 25 ಚೌಕಟ್ಟು. ಅಮೆರಿಕ, ಜಪಾನುಗಳಲ್ಲಿ ಇದ್ದದ್ದು 525 ಗೆರೆ, ಸೆಕೆಂಡಿಗೆ ಸುಮಾರು 30 ಚೌಕಟ್ಟು. ಅಲ್ಲಿನ ನೆಂಟರು ಕಳಿಸಿದ ಮದುವೆಯ ಕ್ಯಾಸೆಟ್ಟು ಇಲ್ಲಿನ ಮನೆಯ ವಿಸಿಆರಿನಲ್ಲಿ ಉರುಳಿ, ನಡುಗಿ, ಬಣ್ಣ ಕಳೆದುಕೊಳ್ಳುತ್ತಿದ್ದುದು ಈ ಕಾರಣಕ್ಕೆ. ಮೀರಜಿನಲ್ಲಿ ಗಾಡಿ ಬದಲಿಸಿದಂತೆಯೇ ಇದು.

ಸಿನಿಮಾ ತಿಂದ ಪೆಟ್ಟು ಇನ್ನೂ ಸೂಕ್ಷ್ಮ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ, ಪಾಲ್ ಟಿವಿ ಓಡುವುದು 25ರಲ್ಲಿ. ಫಿಲ್ಮನ್ನು ಟೆಲಿಸಿನಿ ಯಂತ್ರದಲ್ಲಿ ಹಾಕಿ ಟೇಪಿಗೆ ಇಳಿಸುವಾಗ ಅದನ್ನು ತುಸು ವೇಗವಾಗಿ ಓಡಿಸಿಬಿಡುವುದು ಸುಲಭದ ಉಪಾಯವಾಗಿತ್ತು. ಹಾಗೆ ಮಾಡಿದರೆ 150 ನಿಮಿಷದ ಚಿತ್ರ 144 ನಿಮಿಷದಲ್ಲಿ ಮುಗಿಯುತ್ತದೆ. ನೋಡುವವರ ಕಣ್ಣಿಗೆ ಇದು ತಿಳಿಯುವುದಿಲ್ಲ. ಕಿವಿಯ ಮಾತು ಬೇರೆ. ಧ್ವನಿಯೂ ಅಷ್ಟೇ ವೇಗವಾಗುವುದರಿಂದ ಶ್ರುತಿ ಏರುತ್ತದೆ. ಏರಿಕೆ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ. ಹೀಗೆ ಇಳಿಸಿದ ಟೇಪಿನಿಂದ ಹಾಡು ಕೇಳಿದವರಿಗೆ ಸಿಕ್ಕಿದ್ದು ಗಾಯಕರು ಹಾಡಿದ ಶ್ರುತಿಯಲ್ಲ. ಮೂಲ ನೆಗೆಟಿವ್ ಸುರಕ್ಷಿತವಾಗಿದ್ದರೆ ಇದನ್ನು ಸರಿಪಡಿಸಬಹುದು. ಟೇಪೊಂದೇ ಉಳಿದಿರುವ ಚಿತ್ರಕ್ಕೆ ಆ ಏರಿದ ಶ್ರುತಿಯೇ ಮೂಲವಾಗಿಬಿಡುತ್ತದೆ.

*

ಮುಂಬಯಿಯಲ್ಲಿ ಈ ಕೆಲಸಕ್ಕೆ ಬೇಕಾದ ಲ್ಯಾಬುಗಳೂ ಸ್ಟುಡಿಯೋಗಳೂ ಬೆಳೆದುದರಲ್ಲಿ ಕನ್ನಡ ನಾಡಿನವರ ಪಾಲೂ ಇದೆ. ಕರಾವಳಿ ಕರ್ನಾಟಕ ಮೂಲದ ಮನಮೋಹನ ಶೆಟ್ಟಿ 1978ರಲ್ಲಿ ಪಾಲುದಾರರೊಂದಿಗೆ ಆಡ್‌ಲ್ಯಾಬ್ಸ್ ಆರಂಭಿಸಿದರು. ಹೆಸರೇ ಹೇಳುವಂತೆ ಅದು ಮೊದಲು ಜಾಹೀರಾತು ಚಿತ್ರಗಳ ಫಿಲ್ಮ್ ತೊಳೆಯುವ ಲ್ಯಾಬು. ಮುಂದೆ ಅದು ದೇಶದ ದೊಡ್ಡ ಸಿನಿಮಾ ಲ್ಯಾಬುಗಳಲ್ಲಿ ಒಂದಾಯಿತು. ‘ಅರ್ಧಸತ್ಯ’ದಂಥ ಚಿತ್ರವನ್ನು ನಿರ್ಮಿಸಿದವರಲ್ಲಿ ಶೆಟ್ಟಿಯವರೂ ಒಬ್ಬರು. ಉಡುಪಿ ಹೋಟೆಲುಗಳ ಮೂಲಕ ಮಾತ್ರ ಮುಂಬಯಿ ಕನ್ನಡಿಗರನ್ನು ಗುರುತಿಸುವವರು ನೆನಪಿಡಬೇಕಾದ ಮಾತಿದು.

ಟೇಪಿನ ಕಾಲದ ಮಾಸ್ಟರಿಗೆ ಒಂದು ನಿಶ್ಚಿತ ವಿನ್ಯಾಸವಿತ್ತು. ಆರಂಭದಲ್ಲಿ ಬಣ್ಣದ ಪಟ್ಟೆಗಳು, ಜೊತೆಗೆ ‘ಕೂಂ’ ಎಂಬ ಒಂದೇ ಸಮನೆಯ ಸದ್ದು. ಟೇಪು ಹಾಕುವ ಎಂಜಿನಿಯರ್ ಇವನ್ನು ನೋಡಿ, ಕೇಳಿ, ತನ್ನ ಯಂತ್ರವನ್ನು ಹೊಂದಿಸಿಕೊಳ್ಳುತ್ತಿದ್ದ. ಆಮೇಲೆ ಕಾರ್ಯಕ್ರಮದ ಹೆಸರು, ಕಂತಿನ ಸಂಖ್ಯೆ, ಅವಧಿ ಬರೆದ ಫಲಕ, ಸೆಕೆಂಡು ಎಣಿಸುವ ಗಡಿಯಾರ. ಪಾಲ್ ದೇಶಗಳಲ್ಲಿ ಹಲವೆಡೆ ಕಾರ್ಯಕ್ರಮದ ಮೊದಲ ಚೌಕಟ್ಟು ಟೈಮ್‌ಕೋಡಿನಲ್ಲಿ ಸರಿಯಾಗಿ 10 ಗಂಟೆಗೆ ಬೀಳಬೇಕಿತ್ತು. ಟೇಪಿನ ಜಾತಿಯೂ ಕಾಲಕಾಲಕ್ಕೆ ಬದಲಾಯಿತು. 1971ರಲ್ಲಿ ಸೋನಿ ತಂದ ಮುಕ್ಕಾಲು ಇಂಚಿನ ಯು-ಮ್ಯಾಟಿಕ್, 1986ರ ಬೀಟಾಕ್ಯಾಮ್ ಎಸ್‌ಪಿ, 1993ರ ಡಿಜಿಟಲ್ ಬೀಟಾಕ್ಯಾಮ್, 1997ರ ಎಚ್‌ಡಿಕ್ಯಾಮ್. ಪ್ರತಿಯೊಂದಕ್ಕೂ ಬೇರೆ ಯಂತ್ರ ಬೇಕು, ಪ್ರತಿ ಯಂತ್ರವೂ ಲಕ್ಷಗಟ್ಟಲೆ ರೂಪಾಯಿ.

ಅಂದು ಡೆಲಿವರಿ ಎಂಬ ಮಾತಿಗೆ ಅಕ್ಷರಶಃ ಅರ್ಥವಿತ್ತು, ಯಾರಾದರೂ ಹೊತ್ತುಕೊಂಡು ಹೋಗಲೇಬೇಕಿತ್ತು. 1987ರ ಜನವರಿ 25ರಂದು ಶುರುವಾದ ‘ರಾಮಾಯಣ’ದ ಚಿತ್ರೀಕರಣ ನಡೆದದ್ದು ಗುಜರಾತಿನ ಉಮರ್‌ಗಾಂವ್‌ನಲ್ಲಿ. ಭಾನುವಾರ ಬೆಳಗಾಗುವುದರೊಳಗೆ ಕಂತಿನ ಟೇಪು ದೂರದರ್ಶನಕ್ಕೆ ಮುಟ್ಟಲೇಬೇಕು, ದೇಶವೇ ಕಾಯುತ್ತಿತ್ತು. 1992ರ ಅಕ್ಟೋಬರಿನಲ್ಲಿ ಜೀ ಟಿವಿ ಆರಂಭವಾದಾಗ ದಾರಿ ಇನ್ನೂ ಉದ್ದವಾಯಿತು. ಖಾಸಗಿಯವರು ಭಾರತದ ನೆಲದಿಂದ ಉಪಗ್ರಹಕ್ಕೆ ಸಂಕೇತ ಕಳಿಸುವುದಕ್ಕೆ ಆಗ ಅನುಮತಿ ಇರಲಿಲ್ಲ. ಮುಂಬಯಿಯಲ್ಲಿ ತಯಾರಾದ ಟೇಪುಗಳು ವಿಮಾನದಲ್ಲಿ ಹಾಂಗ್‌ಕಾಂಗಿಗೆ ಹೋಗಿ, ಅಲ್ಲಿಂದ ಉಪಗ್ರಹಕ್ಕೇರಿ, ಅಲ್ಲಿಂದ ಭಾಂಡುಪಿನ ಕೇಬಲ್‌ನವನ ಬುಟ್ಟಿ ಆಂಟೆನಾಕ್ಕೆ ಇಳಿಯುತ್ತಿದ್ದವು. ಕೆಲವೇ ಮೈಲಿ ಆಚೆ ತಯಾರಾದ ಧಾರಾವಾಹಿ ಸಾವಿರಾರು ಮೈಲಿ ಸುತ್ತಿ ಮನೆ ತಲುಪುತ್ತಿತ್ತು.

ಭಾಂಡುಪಿನ ಗುಡ್ಡದ ಮೇಲೆ ಮುಂಬಯಿ ಮಹಾನಗರಪಾಲಿಕೆಯ ನೀರು ಶುದ್ಧೀಕರಣ ಘಟಕವಿದೆ, ಏಷ್ಯಾದ ಅತಿ ದೊಡ್ಡವುಗಳಲ್ಲಿ ಒಂದು. ದೂರದ ಜಲಾಶಯಗಳ ನೀರು ಅಲ್ಲಿಗೆ ಬಂದು, ಸೋಸಿ, ಪರೀಕ್ಷೆಯಾಗಿ ನಗರದ ನಲ್ಲಿಗಳಿಗೆ ಹರಿಯುತ್ತದೆ. ಅಲ್ಲಿ ತಪ್ಪಿದ್ದು ಲಕ್ಷಾಂತರ ಮನೆಗಳಲ್ಲಿ ತಪ್ಪಿದಂತೆ. ವಾಹಿನಿಯ ಗುಣಮಟ್ಟ ಪರೀಕ್ಷೆಯ ಕೋಣೆಯೂ ಹಾಗೆಯೇ. ಅಲ್ಲಿ ಕೂತವರು ಒಂದೊಂದು ಕಂತನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿ, ಬಿಳುಪು ಮಿತಿ ಮೀರಿದೆಯೇ, ಒಂದು ಚೌಕಟ್ಟು ಕಪ್ಪಾಗಿದೆಯೇ, ಎಡಗಿವಿಯ ಧ್ವನಿ ಬಲಕ್ಕೆ ಹೋಗಿದೆಯೇ ಎಂದು ಗುರುತು ಹಾಕಿ, ತಪ್ಪಿದ್ದರೆ ಟೇಪು ಹಿಂದಿರುಗಿಸುತ್ತಿದ್ದರು. ಹಿಂದಿರುಗಿ ಬಂದ ಟೇಪು ಎಂದರೆ ರಾತ್ರಿಯೆಲ್ಲ ಕೆಲಸ.

*

ಟೇಪಿನ ಯುಗ ಮುಗಿಯುತ್ತ ಬಂದಿದ್ದರೂ ಅದಕ್ಕೆ ಕೊನೆಯ ನೂಕು ಸಿಕ್ಕಿದ್ದು ಜಪಾನಿನ ಸುನಾಮಿಯಿಂದ. 2011ರ ಮಾರ್ಚ್ 11ರಂದು ಎದ್ದ ಅಲೆಗಳು ಸೆಂಡಾಯ್ ಬಳಿಯ ಸೋನಿ ಕಾರ್ಖಾನೆಗೆ ನುಗ್ಗಿದವು. ಉನ್ನತ ದರ್ಜೆಯ ಎಚ್‌ಡಿಕ್ಯಾಮ್ ಎಸ್‌ಆರ್ ಟೇಪು ತಯಾರಾಗುತ್ತಿದ್ದುದು ಅಲ್ಲಿಯೇ. ಕೆಲವೇ ದಿನಗಳಲ್ಲಿ ಹಾಲಿವುಡ್ಡಿನಲ್ಲಿ ಟೇಪಿನ ಬರ ಬಂತು. ಇದ್ದಬದ್ದ ಟೇಪುಗಳನ್ನು ಎಣಿಸಿಟ್ಟುಕೊಂಡ ಸ್ಟುಡಿಯೋಗಳು ಮುಂದೂಡುತ್ತ ಬಂದಿದ್ದ ಬದಲಾವಣೆಯನ್ನು ಒಮ್ಮೆಲೇ ಮಾಡಿಕೊಂಡವು. ಕಾರ್ಯಕ್ರಮ ಟೇಪಿನಲ್ಲಿ ಹೋಗುವುದರ ಬದಲು ಫೈಲಾಗಿ ಹೋಗತೊಡಗಿತು. 2014ರ ಅಕ್ಟೋಬರ್ 1ರಿಂದ ಬ್ರಿಟನ್ನಿನ ಪ್ರಮುಖ ವಾಹಿನಿಗಳು ಒಟ್ಟಾಗಿ ಫೈಲನ್ನೇ ರೂಢಿಯ ಕ್ರಮವೆಂದು ಘೋಷಿಸಿದವು.

ಟೇಪು ಹೋದರೆ ಅಳತೆಯ ಜಗಳವೂ ಹೋಗುತ್ತದೆಂದು ಹಲವರು ನಂಬಿದ್ದರು. ಆದದ್ದು ತದ್ವಿರುದ್ಧ. ಟೇಪಿನ ಕಾಲದಲ್ಲಿ ನಾಲ್ಕೈದು ಜಾತಿಗಳಿದ್ದವು, ಫೈಲಿನ ಕಾಲದಲ್ಲಿ ಪ್ರತಿ ವಾಹಿನಿಗೂ ಒಂದೊಂದು ಜಾತಿ. ಪ್ರಸಾರಕ್ಕೆಂದು ಎಕ್ಸ್‌ಡಿಕ್ಯಾಮ್ ಫೈಲು ಕೇಳುವವರಿಗೆ ಸೆಕೆಂಡಿಗೆ 50 ಮೆಗಾಬಿಟ್ ಸಾಕು, ಒಂದು ಗಂಟೆಯ ಚಿತ್ರ ಸುಮಾರು 22.5 ಗಿಗಾಬೈಟ್. 2007ರಲ್ಲಿ ಆ್ಯಪಲ್ ತಂದ ಪ್ರೊರೆಸ್‌ನ ಎಚ್‌ಕ್ಯೂ ಬಗೆಯಲ್ಲಿ ಅದೇ ಒಂದು ಗಂಟೆ 80 ಗಿಗಾಬೈಟ್ ದಾಟುತ್ತದೆ. ಚಿತ್ರಮಂದಿರಕ್ಕೆ ಹೋಗುವ ಡಿಜಿಟಲ್ ಪ್ರತಿಗೆ 2005ರಲ್ಲಿ ಹಾಲಿವುಡ್ ಸ್ಟುಡಿಯೋಗಳ ಕೂಟ ರೂಪಿಸಿದ ನಿಯಮ ಬೇರೆಯೇ. ಅಲ್ಲಿ ಬಣ್ಣವನ್ನು ಲೆಕ್ಕ ಹಾಕುವ ರೀತಿಯೂ ಟಿವಿಯದಲ್ಲ. ಧ್ವನಿಗೂ ಹೊಸ ಅಳತೆ ಬಂತು. ಜಾಹೀರಾತು ಬಂದೊಡನೆ ಸದ್ದು ಏರುತ್ತದೆ ಎಂಬ ಪ್ರೇಕ್ಷಕರ ಹಳೆಯ ದೂರಿಗೆ ಉತ್ತರವಾಗಿ ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಇಡೀ ಕಾರ್ಯಕ್ರಮದ ಸರಾಸರಿ ಸದ್ದನ್ನು ಅಳೆಯುವ ಕ್ರಮ ತಂದಿತು. ಹೀಗೆ ಮುಂಬಯಿಯ ಎಡಿಟಿಂಗ್ ಕೋಣೆಯಿಂದ ಒಂದೇ ಚಿತ್ರ ಆರೆಂಟು ಬಗೆಯ ಪ್ರತಿಗಳಾಗಿ ಹೊರಡತೊಡಗಿತು.

*

ಇಷ್ಟೆಲ್ಲದರ ನಡುವೆ ಭಾಷೆಯ ಪ್ರಶ್ನೆಯೊಂದು ಇತ್ತು. ದೊಡ್ಡ ವಿತರಕರ ಪಟ್ಟಿಗಳಲ್ಲಿ ಮೂರು ಬೇಡಿಕೆಗಳು ಬಹಳ ಹಿಂದಿನಿಂದಲೂ ಇವೆ. ಒಂದು, ಮಾತನ್ನು ಬಿಟ್ಟು ಸಂಗೀತ ಮತ್ತು ಇತರ ಸದ್ದುಗಳಷ್ಟೇ ಇರುವ ಪ್ರತ್ಯೇಕ ಧ್ವನಿ ಟ್ರ್ಯಾಕು. ಎರಡು, ಹೆಸರು, ಊರು, ಕಾಲ ಮುಂತಾದ ಯಾವ ಅಕ್ಷರವೂ ಇಲ್ಲದ ಬರಿಯ ಚಿತ್ರ. ಮೂರು, ಚಿತ್ರದ ಮೇಲೆ ಅಚ್ಚೊತ್ತದೆ ಬೇರೆಯಾಗಿ ಇಟ್ಟ ಸಬ್‌ಟೈಟಲ್. ಈ ಮೂರು ಇದ್ದರೆ ಚಿತ್ರ ಇನ್ನೊಂದು ಭಾಷೆಗೆ ಹೋಗಬಲ್ಲದು. ಇಲ್ಲದಿದ್ದರೆ ಮಾತು ತೆಗೆಯಲು ಹೋದರೆ ಮಳೆಯ ಸದ್ದೂ ಬಾಗಿಲ ಕಿರುಗುಟ್ಟುವಿಕೆಯೂ ಜೊತೆಗೇ ಹೋಗುತ್ತವೆ, ಎಲ್ಲವನ್ನೂ ಹೊಸದಾಗಿ ಕಟ್ಟಬೇಕು.

ಕನ್ನಡ ಚಿತ್ರೋದ್ಯಮದಲ್ಲಿ 1960ರ ದಶಕದಿಂದ ಡಬ್ಬಿಂಗ್ ವಿರೋಧ ಬಲವಾಗಿತ್ತು. ಕನ್ನಡದ ನಟರು, ತಂತ್ರಜ್ಞರು, ಕನ್ನಡದ್ದೇ ಕತೆಗಳು ಬೇಕೆಂಬ ಆ ಹೋರಾಟಕ್ಕೆ ಅದರದೇ ನ್ಯಾಯವಿತ್ತು. ವಿರೋಧ ಇದ್ದದ್ದು ಪರಭಾಷೆಯ ಚಿತ್ರ ಕನ್ನಡಕ್ಕೆ ಬರುವುದಕ್ಕೆ. ಆದರೆ ಡಬ್ಬಿಂಗ್ ಎಂಬುದೇ ಸುತ್ತಮುತ್ತ ಇಲ್ಲದ ಮಾರುಕಟ್ಟೆಯಲ್ಲಿ ಮಾತು ಬೇರೆ, ಸದ್ದು ಬೇರೆ ಇಡುವ ಅಭ್ಯಾಸಕ್ಕೆ ಒತ್ತಾಸೆಯೂ ಕಡಿಮೆಯಾಗುತ್ತದೆ. ಒಂದೇ ಭಾಷೆಯ ಒಂದೇ ವಾಹಿನಿಗೆ ಹೋಗುವ ಧಾರಾವಾಹಿಯ ಪಟ್ಟಿ ಅಂಥದ್ದನ್ನು ಕೇಳದಿದ್ದರೆ ಬಜೆಟ್ಟಿನಲ್ಲಿ ಅದಕ್ಕೆ ಜಾಗವೂ ಇರುವುದಿಲ್ಲ.

ಸಬ್‌ಟೈಟಲಿನ ಕತೆ ಇನ್ನಷ್ಟು ವಿಚಿತ್ರ. 1991ರಲ್ಲಿ ಯುರೋಪಿನ ಪ್ರಸಾರ ಒಕ್ಕೂಟ ಸಬ್‌ಟೈಟಲ್ ವಿನಿಮಯಕ್ಕೆಂದು ಎಸ್‌ಟಿಎಲ್ ಎಂಬ ಫೈಲಿನ ಬಗೆಯನ್ನು ಗೊತ್ತುಮಾಡಿತು. ಅದರ ಅಕ್ಷರ ಕೋಷ್ಟಕಗಳಲ್ಲಿ ಲ್ಯಾಟಿನ್, ಸಿರಿಲಿಕ್, ಗ್ರೀಕ್, ಅರಬ್ಬಿ, ಹೀಬ್ರೂಗಳಿದ್ದವು. ಕನ್ನಡಕ್ಕಾಗಲಿ ಭಾರತದ ಇನ್ನಾವ ಲಿಪಿಗಾಗಲಿ ಜಾಗವಿರಲಿಲ್ಲ. ಅದೇ 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡವಿತ್ತು! ಒಂದೇ ವರ್ಷ ಒಂದು ಬಾಗಿಲು ತೆರೆದಿತ್ತು, ಇನ್ನೊಂದು ಮುಚ್ಚಿತ್ತು. ಪ್ರಸಾರದ ಯಂತ್ರಗಳು ಮಾತ್ರ ಬಹುಕಾಲ ಮುಚ್ಚಿದ ಬಾಗಿಲಿನ ಕಡೆಯೇ ಉಳಿದವು. ಅಂಥ ಯಂತ್ರಗಳಲ್ಲಿ ಕನ್ನಡದ ಸಾಲು ತೋರಿಸಬೇಕೆಂದರೆ ಅದನ್ನು ಚಿತ್ರವಾಗಿಸಿ ಕಳಿಸಬೇಕು, ಇಲ್ಲವೇ ದೃಶ್ಯದ ಮೇಲೆಯೇ ಅಚ್ಚೊತ್ತಬೇಕು. ಯೂನಿಕೋಡನ್ನು ನೆಚ್ಚಿದ ಹೊಸ ಬಗೆಗಳು ಬಂದ ಮೇಲೂ ಒತ್ತಕ್ಷರ ಸರಿಯಾಗಿ ಕೂರಿಸಲು ಬಾರದ ತಂತ್ರಾಂಶಗಳಲ್ಲಿ ‘ಸ್ತ್ರೀ’ಯಂಥ ಪದ ಚೂರುಚೂರಾಗುತ್ತಿತ್ತು. ಅಚ್ಚೊತ್ತಿದ ಸಾಲನ್ನು ಮತ್ತೆ ತೆಗೆಯಲಾಗದು. ಹಾಗೆ ಮಾಡಿದ ಪ್ರತಿಯೊಂದೇ ಉಳಿದರೆ ಆ ಚಿತ್ರಕ್ಕೆ ಆ ಸಾಲುಗಳು ಶಾಶ್ವತ.

ಗಾಳಿ ಬದಲಾದದ್ದು ಕಳೆದ ದಶಕದಲ್ಲಿ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ಆದೇಶ ನೀಡಿತು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು, ವರ್ಷದ ಕೊನೆಗೆ ಅಮೆಜಾನಿನ ಪ್ರೈಮ್ ವಿಡಿಯೋ. ಇಂಥ ಕಂಪನಿಗಳಿಗೆ ಒಂದೇ ಚಿತ್ರ ಹತ್ತಾರು ಭಾಷೆಗಳಲ್ಲಿ ಬೇಕು. ಆ ಅಗತ್ಯಕ್ಕೆ ಹೊಂದುವ ಐಎಂಎಫ್ ಎಂಬ ಕಟ್ಟಿನ ಮೊದಲ ನಿಯಮಗಳು 2012–13ರ ಹೊತ್ತಿಗೇ ಬಂದಿದ್ದವು. ಅದರಲ್ಲಿ ಚಿತ್ರ, ಒಂದೊಂದು ಭಾಷೆಯ ಧ್ವನಿ, ಸಬ್‌ಟೈಟಲ್ ಎಲ್ಲ ಬೇರೆ ಬೇರೆ ಫೈಲುಗಳು. ಯಾವುದನ್ನು ಯಾವುದರ ಜೊತೆ ಎಷ್ಟು ಹೊತ್ತು ತೋರಿಸಬೇಕೆಂದು ಹೇಳುವ ಒಂದು ಚಿಕ್ಕ ಪಟ್ಟಿ ಅವನ್ನು ಹೊಲಿಯುತ್ತದೆ. ಕನ್ನಡ ಆವೃತ್ತಿ ಬೇಕೆಂದರೆ ಇಡೀ ಚಿತ್ರವನ್ನು ಮತ್ತೆ ತಯಾರಿಸಬೇಕಿಲ್ಲ, ಕನ್ನಡದ ಧ್ವನಿಯನ್ನೂ ಒಂದು ಹೊಸ ಪಟ್ಟಿಯನ್ನೂ ಸೇರಿಸಿದರೆ ಸಾಕು.

2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಕನ್ನಡದ ಜೊತೆಗೆ ಹಿಂದಿ, ತೆಲುಗು, ತಮಿಳು, ಮಲಯಾಳಗಳಲ್ಲೂ ತೆರೆಕಂಡಿತು. ಮಾತನ್ನು ಕಳಚಿ ಬೇರೆ ಮಾತು ಹಾಕಬಲ್ಲ ಪ್ರತಿ ಇದ್ದರೆ ಕನ್ನಡದ ಚಿತ್ರ ಎಷ್ಟು ದೂರ ಹೋಗಬಲ್ಲದು ಎಂಬುದು ಆಗ ಎಲ್ಲರ ಕಣ್ಣಿಗೆ ಬಿತ್ತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ ಪ್ರವಾಹ ಈ ಕಡೆಗೂ ಹರಿಯಿತು. ಹಿಂದಿಯ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಬಂತು. ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರಿಸಿ, ಹಿಂದಿ ಇಂಗ್ಲಿಷುಗಳಲ್ಲಿ ದೂರದರ್ಶನಕ್ಕೆ ಕೊಟ್ಟ ‘ಮಾಲ್ಗುಡಿ ಡೇಸ್’ ಮೂರು ದಶಕಗಳ ನಂತರ ಕನ್ನಡ ವಾಹಿನಿಯಲ್ಲಿ ಕನ್ನಡದಲ್ಲಿ ಮಾತನಾಡಿತು. ಮಲೆನಾಡಿನ ಬೀದಿಯಲ್ಲಿ ಕನ್ನಡದ ಅನೇಕ ನಟರು ನಟಿಸಿದ್ದ ಸರಣಿಗೆ ಕನ್ನಡ ಸೇರಲು ಅಷ್ಟು ಕಾಲ ಬೇಕಾಯಿತು. ರಾಷ್ಟ್ರೀಯ ಜಾಲದ ಬೇಡಿಕೆಯಲ್ಲಿ ಕನ್ನಡ ಇರಲಿಲ್ಲ.

*

ವಾಹಿನಿಗೆ ಕೊಡುವ ಪ್ರತಿ ಬೇರೆ, ಕಾಪಾಡಿಡುವ ಪ್ರತಿ ಬೇರೆ ಎಂಬ ಅರಿವು ನಮ್ಮಲ್ಲಿ ತಡವಾಗಿ ಬಂತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಕೊಲ್ಲಾಪುರದ ಸ್ಟುಡಿಯೋದಲ್ಲಿ ತಯಾರಾಗಿತ್ತು. ಇಂದು ಅದನ್ನು ನೋಡುವ ಭಾಗ್ಯ ಯಾರಿಗೂ ಇಲ್ಲ, ಚಿತ್ರ ಕಳೆದುಹೋಗಿದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಅದೃಷ್ಟ ಬೇರೆ. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ಫಿಲ್ಮ್ ಫೌಂಡೇಶನ್ ಜೊತೆಗೂಡಿದ ಯೋಜನೆಯಲ್ಲಿ ಅದು ಪುನಶ್ಚೇತನಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಪ್ರಸಾರಕ್ಕೆಂದು ಮಾಡಿದ ಟೇಪೊಂದೇ ಉಳಿದಿದ್ದರೆ ಅದರಿಂದ ಅಂಥ ಪ್ರತಿ ತೆಗೆಯಲು ಸಾಧ್ಯವಿರಲಿಲ್ಲ. 576 ಗೆರೆಯ ಟಿವಿ ಚಿತ್ರದಲ್ಲಿ ಇಲ್ಲದ ವಿವರವನ್ನು ಯಾವ ಯಂತ್ರವೂ ಮೂಲದಂತೆ ಮರಳಿ ತರಲಾರದು.

ಫಿಲ್ಮಿನಲ್ಲಿ ತಯಾರಾದದ್ದಕ್ಕೆ ಈ ಒಂದು ಆಸರೆಯಾದರೂ ಇದೆ. ಟೇಪಿನಲ್ಲೇ ಹುಟ್ಟಿ ಟೇಪಿನಲ್ಲೇ ಉಳಿದ ಕನ್ನಡದ ಧಾರಾವಾಹಿ, ನಾಟಕ, ಯಕ್ಷಗಾನ, ಸಂದರ್ಶನಗಳಿಗೆ ಅದೂ ಇಲ್ಲ. 1994ರಲ್ಲಿ ಉದಯ ಟಿವಿ ಬಂದ ಮೇಲೆ ಅವುಗಳ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಟೇಪಿನ ಮೇಲಿನ ಅಯಸ್ಕಾಂತದ ಲೇಪನ ಕಾಲಕ್ರಮದಲ್ಲಿ ಅಂಟಾಗುತ್ತದೆ, ಮುಂಬಯಿ ಮಂಗಳೂರುಗಳಂಥ ತೇವದ ಊರಿನಲ್ಲಿ ಬೂಷ್ಟು ಹಿಡಿಯುತ್ತದೆ. ಓದುವ ಯಂತ್ರಗಳೂ ಕಡಿಮೆಯಾಗುತ್ತಿವೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು: 2025ರೊಳಗೆ ಡಿಜಿಟಲ್ ಆಗದ ಟೇಪು ಬಹುತೇಕ ಕಳೆದುಹೋದಂತೆಯೇ. ಆ ಗಡುವು ಈಗಾಗಲೇ ಬಂದುಬಿಟ್ಟಿದೆ.

ಫೈಲಿಗೆ ಬೂಷ್ಟು ಹಿಡಿಯುವುದಿಲ್ಲ, ಆದರೆ ಅದೂ ಅಮರವಲ್ಲ. ಕಪಾಟಿನಲ್ಲಿ ಹತ್ತು ವರ್ಷ ಸುಮ್ಮನಿದ್ದ ಟೇಪು ಬಹುಶಃ ಮತ್ತೆ ಓಡುತ್ತಿತ್ತು, ಹತ್ತು ವರ್ಷ ಯಾರೂ ಮುಟ್ಟದ ಹಾರ್ಡ್‌ಡಿಸ್ಕ್ ತಿರುಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದಲೇ ಇಂದು ಕನ್ನಡದಲ್ಲಿ ಚಿತ್ರ, ಸಾಕ್ಷ್ಯಚಿತ್ರ, ಸರಣಿ ಮಾಡುವವರ ಮುಂದಿರುವ ಕೆಲಸ ಸರಳವಾದದ್ದು, ದುಬಾರಿಯೂ ಅಲ್ಲ. ವಾಹಿನಿ ಕೇಳಲಿ ಬಿಡಲಿ, ಅಕ್ಷರವಿಲ್ಲದ ಚಿತ್ರ, ಮಾತಿಲ್ಲದ ಧ್ವನಿ, ಕನ್ನಡದ ಸಂಭಾಷಣೆಯ ಪ್ರತ್ಯೇಕ ಟ್ರ್ಯಾಕು, ಯೂನಿಕೋಡಿನಲ್ಲಿ ಬರೆದ ಸಂಭಾಷಣೆಯ ಪಠ್ಯ, ಇಷ್ಟನ್ನು ಎರಡು ಕಡೆ ಇಟ್ಟುಕೊಂಡು ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ನಕಲು ಮಾಡುವುದು. ಎಡಿಟಿಂಗ್ ಮುಗಿದ ದಿನ ಇದು ಒಂದೆರಡು ತಾಸಿನ ಕೆಲಸ. ಇಪ್ಪತ್ತು ವರ್ಷ ಕಳೆದ ಮೇಲೆ ಎಷ್ಟು ಹಣ ಸುರಿದರೂ ಮಾಡಲಾಗದ ಕೆಲಸ.